ಕೊಟ್ಟಿಗೆಯ ಹೊಸ್ತಿಲ ಕಲ್ಲು

ನಾನು ಓದಿದ್ದು ಏಳನೇ ತರಗತಿ. ಹೊಲ ಮಾಡ್ತೀನಿ, ಭಜನೆಯಾಗ ಪದ ಹಾಡ್ತೀನಿ. ಬರೆಯೋದು ನನಗ ರೂಢಿ ಇಲ್ಲ. ವಾಚನಾಲಯದ ಹುಡುಗರು "ತಾತ, ನಮ್ಮೂರಿನ ಹಳೇ ಕಟ್ಟಡಗಳ ಮ್ಯಾಲೆ ನಾಲ್ಕು ಮಾತು ಬರಿ" ಅಂದ್ರು. ಬರೆಯಾಕ ಕೂತಾಗ ಮೊದಲು ಕಣ್ಣಿಗೆ ಬಂದದ್ದು ನಮ್ಮ ದನದ ಕೊಟ್ಟಿಗೆಯ ಹೊಸ್ತಿಲು. ಅದನ್ನ ಬಿಟ್ಟು ಉಳಿದದ್ದು ಬರೆದ್ರೆ ಸುಳ್ಳು ಬರೆದಂಗ ಆಗ್ತೈತಿ.

ನನಗ ಆಗಿನ್ನೂ ಇಪ್ಪತ್ತು ದಾಟಿತ್ತು. ಅಪ್ಪ ಕೊಟ್ಟಿಗೆ ಕಟ್ಟಾಕ ಹೊಂಟಿದ್ದ, ಕಲ್ಲಿಗೆ ದುಡ್ಡಿರಲಿಲ್ಲ. ಊರಿನ ಹಳೇ ಕೋಟೆ ಗೋಡೆ ಒಂದು ಕಡೆ ಕುಸಿದಿತ್ತು. ಅಪ್ಪ, ನಾನು ಬಂಡಿ ಹೂಡಿ ಎರಡು ಸಲ ಕಲ್ಲು ತಂದ್ವಿ. ಯಾರೂ ಬ್ಯಾಡ ಅನ್ನಲಿಲ್ಲ, ಯಾಕಂದ್ರೆ ಎಲ್ಲರೂ ತರ್ತಿದ್ರು. ಯಾರ ಹೊಲದ ಬದು ನೋಡಿದ್ರೂ ಕೋಟೆ ಕಲ್ಲು ಸಿಗ್ತಿತ್ತು. ನಾವು ತಂದದ್ರಾಗ ಒಂದು ಉದ್ದನೆ ಕಲ್ಲಿತ್ತು, ಅದರ ಮ್ಯಾಲೆ ಅಕ್ಷರ ಇದ್ವು. "ಅಕ್ಷರ ದನ ತುಳೀಬಾರದು" ಅಂತ ನಮ್ಮವ್ವ ಅಂದ್ಲು. ಅದಕ್ಕ ಅಕ್ಷರದ ಮುಖ ಪಕ್ಕಕ್ಕ ತಿರುಗಿಸಿ ಹೊಸ್ತಿಲಿಗೆ ಹಾಕಿದ್ವಿ. ಆಮ್ಯಾಲೆ ವರ್ಷಾ ವರ್ಷಾ ಯುಗಾದಿಗೆ ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿ ಹೋದ್ವು. ನಾವೂ ಮರೆತ್ವಿ.

ಚಿಪ್ಪಗಿರಿ ಅಂದ್ರೆ ಸಣ್ಣ ಊರಲ್ಲ, ಹೆಸರಿನಾಗ ದೊಡ್ಡದು. ಗುಡ್ಡದ ಮ್ಯಾಲೆ ಹಳೇ ಜೈನ ಬಸದಿ ಐತಿ. ಚೀಕಲಪರವಿಯಾಗ 1682ರಲ್ಲಿ ಹುಟ್ಟಿದ ವಿಜಯದಾಸರು ಕಡೆಗಾಲ ಕಳೆದದ್ದು ಇಲ್ಲಿ, 1755ರಲ್ಲಿ ದೇಹ ಬಿಟ್ಟದ್ದೂ ಇಲ್ಲಿ. ಕಾರ್ತಿಕ ಶುದ್ಧ ದಶಮಿ ಆರಾಧನೆಗೆ ರಾಯಚೂರು, ಬಳ್ಳಾರಿ ಕಡೆಯಿಂದ ಜನ ಬರ್ತಾರ. 1953ರ ಅಕ್ಟೋಬರ್ 1ಕ್ಕ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕ ಸೇರಿದ್ವು. ಆಫೀಸಿನ ಕಾಗದ ತೆಲುಗಾತು. ಮನೆ ಮಾತು, ಭಜನೆ, ದಾಸರ ಪದ ಮಾತ್ರ ಕನ್ನಡದಾಗ ಉಳಿದ್ವು.

ಆರಾಧನೆಗೆ ಬಂದವರು ಪದ ಕೇಳಿ, ಬೆಳಗಾದ ಮ್ಯಾಲೆ "ಕೋಟೆ ತೋರಸ್ರಿ" ಅಂತಿದ್ರು. ನಾನೇ ಕರ್ಕೊಂಡು ಹೋಗ್ತಿದ್ದೆ. "ಇಷ್ಟೇ ಉಳಿದಿರೋದಾ?" ಅಂತ ಕೇಳಿದ್ರೆ, "ಕಾಲ ರೀ, ಎಲ್ಲಾ ತಿಂದು ಬಿಡ್ತೈತಿ" ಅಂತಿದ್ದೆ. ಕಾಲ ತಿಂದದ್ದು ಎಷ್ಟು, ನಮ್ಮ ಬಂಡಿ ತಿಂದದ್ದು ಎಷ್ಟು ಅಂತ ನಾನು ಹೇಳಲಿಲ್ಲ.

ಹೋದ ಬ್ಯಾಸಿಗ್ಯಾಗ ಮಗ ಹೊಸ ಮನೆಗೆ ಪಾಯ ತೆಗೆದ. ಕಲ್ಲಿನ ಧಾರಣೆ ಕೇಳಿ ಬಂದವನೇ, "ಅಪ್ಪಾ, ಕೋಟೆ ಕಡೆ ಟ್ರ್ಯಾಕ್ಟರ್ ಕಳಸ್ತೀನಿ, ನಾಲ್ಕು ಟ್ರಿಪ್ ಸಾಕು" ಅಂದ. ನಾನು ಬ್ಯಾಡ ಅಂದೆ. "ನೀನು ತಂದಿಲ್ಲೇನು?" ಅಂತ ಕೊಟ್ಟಿಗೆ ಕಡೆ ಕೈ ತೋರಿಸಿದ. ನನ್ನ ಬಾಯಿ ಕಟ್ಟಿತು. ರಾತ್ರಿ ನಿದ್ದಿ ಬರಲಿಲ್ಲ.

ಮರುದಿನ ವಾಚನಾಲಯಕ್ಕ ಹೋಗಿ ಮೇಷ್ಟ್ರ ಹತ್ರ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ದೂರದ ಸ್ಕಾಟ್ಲೆಂಡಿನ ಒಂದು ಊರಿನ ಸುದ್ದಿ ಹೇಳಿದ್ರು. ನ್ಯೂ ಲ್ಯಾನಾರ್ಕ್ ಅಂತ. ಹೊಳೆ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಅಲ್ಲಿ 1786ರಾಗ ಶುರುವಾತಂತೆ. ಅದೇ ವರ್ಷ ಟಿಪ್ಪು ಸುಲ್ತಾನ ನಮ್ಮ ಆದೋನಿ ಕೋಟೆ ಹಿಡಿದದ್ದು. 1968ರಾಗ ಗಿರಣಿ ಮುಚ್ಚಿ, ಕೂಲಿಯವರ ಮನೆಗಳು ಖಾಲಿ ಬಿದ್ವು. ಅವನ್ನ ಕೆಡವದೆ ಒಂದೊಂದೇ ರಿಪೇರಿ ಮಾಡಿದ್ರು. 2001ರಾಗ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರ್ತು, ಈಗಲೂ ಆ ಮನೆಗಳಾಗ ಜನ ಬಾಳ್ತಾರ. ರಾಜರ ಅರಮನೆ ಅಲ್ಲ ಅದು, ಹತ್ತಿ ಧೂಳು ಕುಡಿದವರ ಮನೆ. ನಾನೂ ಆದೋನಿ ಮಾರ್ಕೆಟ್ಟಿಗೆ ಹತ್ತಿ ಹಾಕೋನು, ಆ ಮಾತು ಮನಸ್ಸಿಗೆ ನಾಟಿತು.

"ನಾನೇನು ಮಾಡ್ಲಿ?" ಅಂದೆ. "ಮೊದಲು ಕಲ್ಲು ತೋರಸು" ಅಂದ್ರು.

ಸುಣ್ಣ ಕೆರೆಯಾಕ ಕಬ್ಬಿಣದ ಬ್ರಷ್ ತಂದಿದ್ದೆ, ಅವರು ಮುಟ್ಟಗೊಡಲಿಲ್ಲ. ಕಬ್ಬಿಣ ಹಚ್ಚಿದ್ರೆ ಸುಣ್ಣದ ಜೋಡಿ ಅಕ್ಷರವೂ ಹೋಗ್ತಾವಂತೆ. ನೀರು, ತೆಂಗಿನ ನಾರು, ಅಷ್ಟೇ. ಎರಡು ದಿನ ಹಿಡೀತು. ಕತ್ತಲಾದ ಮ್ಯಾಲೆ ಬ್ಯಾಟರಿ ಬೆಳಕು ಪಕ್ಕದಿಂದ ಬೀಳಸಿದ್ರು. ನೆಟ್ಟಗ ಬಿಟ್ರೆ ಕಾಣದ ಗೀರು, ಓರೆ ಬೆಳಕಿನಾಗ ನೆರಳು ಹಿಡಿದು ಎದ್ದು ನಿಂತ್ವು. ಬಾಳ ಸವೆದಿದ್ವು. "ಶ್ರೀ" ಅನ್ನೋದು ಮಾತ್ರ ಚೊಲೋ ಕಾಣ್ತಿತ್ತು. ತೆಲುಗು ಬಡಿಗೆ ಹೋಗುವ ಮೊಮ್ಮಗ "ತಾತ, ಇದು ತೆಲುಗು" ಅಂದ. ನಾನು "ಕನ್ನಡ" ಅಂದೆ. ಮೇಷ್ಟ್ರು ನಕ್ಕು, "ಹಿಂದಿನ ಕಾಲಕ್ಕ ಎರಡಕ್ಕೂ ಲಿಪಿ ಒಂದೇ ಇತ್ತು, ಇಬ್ಬರೂ ಜಗಳ ಬಿಡ್ರಿ" ಅಂದ್ರು. ಹುಡುಗ ಆ ರಾತ್ರಿ ಕಲ್ಲು ಬಿಟ್ಟು ಏಳಲಿಲ್ಲ. ನಲವತ್ತು ವರ್ಷ ಅದನ್ನ ದಾಟಿ ಸಗಣಿ ಬಾಚಿದವನು ನಾನು.

ಎಲ್ಲಿಂದ ತಂದದ್ದು ಅಂತ ಮೇಷ್ಟ್ರು ಕೇಳಿದ್ರು. ಜಾಗ ನನಗ ನೆನಪಿತ್ತು, ಹೊತ್ತ ಹೆಗಲು ಮರೆಯಂಗಿಲ್ಲ. ಜಾಗ ತಪ್ಪಿದ ಕಲ್ಲು ಅರ್ಧ ಮೂಗ ಆಗ್ತೈತಿ ಅಂತ ಹೇಳಿ, ಅವರು ಅಳತೆ ಹಿಡಿದು, ಫೋಟೋ ತೆಗೆದು, ನಾನು ಹೇಳಿದ್ದೆಲ್ಲಾ ನೋಟ್‌ಬುಕ್ಕಿನಾಗ ಬರ್ಕೊಂಡ್ರು. ಆಮ್ಯಾಲೆ ಕಲ್ಲು ವಾಪಸ್ ಹೊತ್ವಿ. ಟ್ರ್ಯಾಕ್ಟರ್ ಹೊಡೆದವನು ಮಗನೇ. ಮಾತಾಡಲಿಲ್ಲ, ಆದ್ರೆ ಹೊಡೆದ. ಮನೆಗೆ ಕಲ್ಲು ಕೊಂಡು ತಂದ, ಸಾಲ ಆತು. ಆ ಸಾಲದಾಗ ನನ್ನ ಪಾಲು ಐತಿ ಅಂತ ಈ ಸಲದ ಹತ್ತಿ ದುಡ್ಡು ಅವನ ಕೈಗೆ ಕೊಟ್ಟೀನಿ.

ಊರವರಿಗೆ ನನ್ನ ಬೇಡಿಕೆ ಇಷ್ಟು. ಅಕ್ಷರ ಇರೋ ಕಲ್ಲು ಸಿಕ್ಕರೆ ಬಣ್ಣ, ಸುಣ್ಣ ಬಳೀಬ್ಯಾಡ್ರಿ. ಹಳೇ ಗೋಡೆ ಸಂದಿಗೆ ಸಿಮೆಂಟು ಮೆತ್ತಬ್ಯಾಡ್ರಿ, ನೀರು ಒಳಗ ನಿಂತು ಕಲ್ಲು ಸಡ್ಲ ಆಗ್ತೈತಿ. ಗೋಡೆಯಾಗ ಆಲ, ಅರಳಿ ಸಸಿ ಕಂಡ್ರೆ ಸಣ್ಣದಿರುವಾಗಲೇ ಕಿತ್ತುಬಿಡ್ರಿ. ನಿಧಿ ಐತಿ ಅಂತ ರಾತ್ರಿ ಅಗೆಯೋರು ಕಂಡ್ರೆ ಸುಮ್ಮನಿರಬ್ಯಾಡ್ರಿ. ಮೇಷ್ಟ್ರುಗಳು ವರ್ಷಕ್ಕೊಮ್ಮೆ ಮಕ್ಕಳನ್ನ ಗುಡ್ಡ ಹತ್ತಿಸಿ ಬಸದಿ ತೋರಸ್ರಿ.

ನಾನು ಪದ ಮರೆತರೆ ಪಕ್ಕದ ಊರಿನವನು ಎತ್ತಿ ಕೊಡ್ತಾನ. ಪಾಯಕ್ಕ ಹೋದ ಕಲ್ಲನ್ನ ಎತ್ತಿ ಕೊಡೋರು ಯಾರಿಲ್ಲ. ನನ್ನಂಗ ಯಾರ ಕೊಟ್ಟಿಗೆಯಾಗಾದ್ರೂ ಇಂಥ ಕಲ್ಲಿದ್ದರೆ ನಾಚಬ್ಯಾಡ್ರಿ, ಬಂದು ಹೇಳ್ರಿ. ಹೊರಾಕ ನಾನೂ ಒಂದು ಕೈ ಹಾಕ್ತೀನಿ.