ಹತ್ತರಿಂದ ಹನ್ನೆರಡು: ಕುಲಗೋಡದಲ್ಲಿ ಮೊಮ್ಮಗನ ಜೊತೆ

ಬೆಳಗಾವಿ ಜಿಲ್ಲೆಯ ಗೋಕಾಕದಿಂದ ಪೂರ್ವಕ್ಕೆ ಹೋದರೆ ನಮ್ಮ ಊರು ಕುಲಗೋಡ ಸಿಗುತ್ತದೆ. ಬಹಳ ವರ್ಷ ಗೋಕಾಕ ತಾಲೂಕಿನಲ್ಲಿದ್ದದ್ದು, ಮೂಡಲಗಿ ಹೊಸ ತಾಲೂಕಾದ ಮೇಲೆ ಅದರ ಪಾಲಿಗೆ ಬಂದಿದೆ. ಸುತ್ತ ಕಬ್ಬು, ಗೋವಿನಜೋಳ, ಅಲ್ಲಲ್ಲಿ ಅರಿಷಿಣದ ಹೊಲ. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿರುವುದು ಶ್ರೀಕೃಷ್ಣ ಪಾರಿಜಾತದ ಆಟದಿಂದ. ರಾತ್ರಿಯಿಡೀ ನಡೆಯುವ ಆ ಆಟವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜನರ ಬಾಯಿಗೆ ತಂದವರು ಕುಲಗೋಡ ತಮ್ಮಣ್ಣ. ಮುಂದೆ ಅದರಲ್ಲಿ ದೊಡ್ಡ ಹೆಸರು ಮಾಡಿದ ನಿಂಗಮ್ಮ ನಮ್ಮ ನೆರೆಯ ಕೌಜಲಗಿಯವರು.

ಇಷ್ಟೆಲ್ಲ ಹೇಳುವ ನಾನು ಊರನ್ನು ಸರಿಯಾಗಿ ನೋಡಿದವನಲ್ಲ. ಬ್ಯಾಂಕಿನ ಗುಮಾಸ್ತನಾಗಿ ಊರೂರು ತಿರುಗಿ, ನಿವೃತ್ತನಾದ ಮೇಲೆ ಇಲ್ಲಿಗೆ ಮರಳಿದೆ. ಮನೆ, ಪೇಪರು, ಸಂಜೆ ಕಟ್ಟೆ, ಇಷ್ಟೇ ನನ್ನ ಕುಲಗೋಡವಾಗಿತ್ತು. ಹೊಲದ ದಾರಿಯ ಒಂದೊಂದು ಕಲ್ಲನ್ನೂ ನೋಡಿದ್ದು 2020ರಲ್ಲಿ, ಒಂದೂವರೆ ವರ್ಷದ ಮೊಮ್ಮಗನ ಹಿಂದೆ ನಡೆಯುತ್ತ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಮೇ ಕೊನೆಗೆ ಬಸ್ಸು ಓಡತೊಡಗಿದಾಗ ಸೊಸೆ ಮೂರೂ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದಳು. ಮಗ ಕೆಲಸದ ಕಾರಣ ಅಲ್ಲಿಯೇ ಉಳಿದ. ದೊಡ್ಡಾಕಿ ಆರನೆಯ ತರಗತಿ, ನಡುವಿನವ ಮೂರನೆಯ ತರಗತಿ, ಸಣ್ಣವನಿಗೆ ಆಗಷ್ಟೇ ಕಾಲು ಬಂದಿತ್ತು. ಕಾಲು ಅಂದರೆ ಬರೀ ಕಾಲಲ್ಲ, ಚಕ್ರ.

ಜೂನ್‌ನಲ್ಲಿ ಮೊಬೈಲ್ ಪಾಠ ಶುರುವಾಯಿತು. ಫೋನು ಒಂದು, ಓದುವ ಮಕ್ಕಳು ಇಬ್ಬರು. ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು, ಮಾಳಿಗೆ ಹತ್ತಿದರೆ ಬಿಸಿಲು. ಎರಡು ವಾರ ನೋಡಿದ ಸೊಸೆ, “ಮಾಮಾ, ಇದು ನಡಿಯೂದಿಲ್ಲ. ನಾನs ಕಲಸ್ತೀನಿ” ಎಂದಳು. ಪಡಸಾಲೆಯಲ್ಲಿ ಚಾಪೆ ಹಾಕಿದಳು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವೇಳಾಪಟ್ಟಿ ಬರೆದಳು. ಹತ್ತರಿಂದ ಹನ್ನೆರಡು ಗಣಿತ ಮತ್ತು ಕನ್ನಡ, ಊಟವಾದ ಮೇಲೆ ಉಳಿದದ್ದು.

ಪಟ್ಟಿಯಲ್ಲಿ ಒಬ್ಬನ ಹೆಸರು ಇರಲಿಲ್ಲ. ಅವನು ಮೊದಲ ದಿನವೇ ಗಣಿತದ ಪುಸ್ತಕದ ಮೇಲೆ ಕುಳಿತ. ಎರಡನೆಯ ದಿನ ಸೀಮೆಸುಣ್ಣ ತಿಂದ. ಮೂರನೆಯ ದಿನ ಫೋನಿನಲ್ಲಿ ಹಾಡು ಹಾಕಿ ಕೊಟ್ಟೆವು. ಸುಮ್ಮನಾದ. ನಾಲ್ಕನೆಯ ದಿನ ಫೋನು ಕಸಿದುಕೊಂಡಾಗ ಮಾಡಿದ ರಂಪ ಬೀದಿಗೆಲ್ಲ ಕೇಳಿಸಿತು. ನನ್ನ ಹೆಂಡತಿಗೆ ಮೊಣಕಾಲು ನೋವು. ಅಡುಗೆ, ಎಮ್ಮೆ ನೋಡುವುದರಲ್ಲಿಯೇ ಅವಳಿಗೆ ಸಾಕಾಗುತ್ತಿತ್ತು. ಪೇಪರು ಓದುತ್ತಿದ್ದ ನಾನು ತಲೆಯೆತ್ತದೆ ಒಂದು ಮಾತು ಹೇಳಿದೆ. “ಏ ತಂಗಿ, ನೀ ದೊಡ್ಡಾಕಿ ಅದೀ. ತಮ್ಮನ್ನ ಎತ್ತಿಕೊಂಡು ಹೊರಗ ಹೋಗು.”

ಅವಳು ಬಿನ್ನರಾಶಿಯ ಲೆಕ್ಕ ಅರ್ಧಕ್ಕೆ ಬಿಟ್ಟು ಎದ್ದಳು. ಮರುದಿನವೂ ಎದ್ದಳು. ಮೂರನೆಯ ದಿನ ಯಾರೂ ಹೇಳುವ ಮೊದಲೇ ಎದ್ದಳು.

ಅವತ್ತು ನನ್ನ ಅಕ್ಕ ಬಂದಿದ್ದಳು. ಇದೇ ಊರಿನಲ್ಲಿ ಕೊಟ್ಟ ಮನೆ ಅವಳದು, ನನಗಿಂತ ಎಂಟು ವರ್ಷ ದೊಡ್ಡವಳು. ಕಟ್ಟೆಯ ಮೇಲೆ ದೂರ ಕುಳಿತು, ಬಾಯಿಗೆ ಸೆರಗು ಹಿಡಿದುಕೊಂಡು ಇದೆಲ್ಲ ನೋಡಿದಳು. ಹುಡುಗಿ ಕೂಸನ್ನು ಎತ್ತಿಕೊಂಡು ಅಂಗಳ ದಾಟಿದ ಮೇಲೆ ಹೇಳಿದಳು: “ತಮ್ಮಾ, ನಿನ್ನ ಹೊತ್ತಾಕಿ ಇಲ್ಲಿ ಕುಂತೀನಿ. ಮನ್ಯಾಗ ಇನ್ನೊಬ್ಬಾಕಿ ಬ್ಯಾಡ.”

ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ.

ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಕೂಸಾಗಿದ್ದಾಗ ನಮ್ಮದು ಇನ್ನೂ ಮುಂಬಯಿ ರಾಜ್ಯ. ಅವ್ವ ಅಪ್ಪ ಇಬ್ಬರೂ ಹೊಲಕ್ಕೆ ಹೋಗುತ್ತಿದ್ದರು. ಅಕ್ಕ ನನ್ನನ್ನು ಬಗಲಲ್ಲಿ ಇಟ್ಟುಕೊಂಡು ಕನ್ನಡ ಸಾಲಿಗೆ ಹೋಗುತ್ತಿದ್ದಳಂತೆ. ನಾನು ಅತ್ತರೆ ಬಾಗಿಲ ಹೊರಗೆ ನಿಂತು ಪಾಠ ಕೇಳುವುದು. ಒಳಗಿನವರು ಬರೆಯುತ್ತಿದ್ದರೆ ಇವಳು ಹೊರಗೆ ನನ್ನನ್ನು ತೂಗುವುದು. ಮೂರನೆಯ ಇಯತ್ತೆಯ ನಡುವೆ ಒಂದು ದಿನ ಹೋಗುವುದನ್ನೇ ಬಿಟ್ಟಳು. ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಅದು ಕೇಳುವ ಸಂಗತಿಯಾಗಿರಲಿಲ್ಲ. ಅವಳು ಹೊತ್ತ ಕೂಸು ಬಿ.ಕಾಂ. ಆಗಿ ಬ್ಯಾಂಕು ಸೇರಿತು. ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗದೆ ಹುಡುಕುತ್ತಿದ್ದ ನಾನು ಈ ಬಾಕಿಯನ್ನು ಎಪ್ಪತ್ತು ವರ್ಷ ಮಡಚಿ ಇಟ್ಟಿದ್ದೆ.

ಪೇಪರು ಕೆಳಗಿಟ್ಟು ಅಂಗಳಕ್ಕೆ ಹೋದೆ. “ಒಳಗ ನಡಿಯವ್ವಾ, ಲೆಕ್ಕ ಮುಗಸು” ಎಂದು ಕೂಸನ್ನು ತೆಗೆದುಕೊಂಡೆ. ಅವತ್ತಿನಿಂದ ಹತ್ತರಿಂದ ಹನ್ನೆರಡು ನನ್ನ ಡ್ಯೂಟಿ ಆಯಿತು.

ತೆಗೆದುಕೊಳ್ಳುವುದು ಸುಲಭ. ಎರಡು ತಾಸು ಏನು ಮಾಡುವುದು? 65 ದಾಟಿದವರೂ 10 ತುಂಬದವರೂ ಮನೆಯಲ್ಲಿರಬೇಕೆಂದು ಸರ್ಕಾರ ಹೇಳಿತ್ತು. ನಾವಿಬ್ಬರೂ ಆ ಪಟ್ಟಿಯವರೇ. ಮಂದಿಯ ಮನೆ ಇಲ್ಲ, ಕಟ್ಟೆ ಇಲ್ಲ, ಅಂಗಡಿ ಇಲ್ಲ. ಉಳಿದದ್ದು ಅಂಗಳ, ಹಿತ್ತಲು, ಮತ್ತು ಮನೆಯ ಹಿಂದಿನಿಂದಲೇ ಹೊಲಕ್ಕೆ ಹೋಗುವ ಬಂಡಿದಾರಿ.

ಮೊದಲು ಅಟ್ಟದಿಂದ ಅವ್ವನ ಕಾಲದ ಹಿತ್ತಾಳೆಯ ಸೇರು, ಪಾವು ಇಳಿಸಿದೆ. ಹಿತ್ತಲಲ್ಲಿ ಹಳೆಯ ಚಾದರ ಹಾಸಿ ಪರಾತದಲ್ಲಿ ಜೋಳ ಕೊಟ್ಟೆ. ಪಾವಿನಿಂದ ಸೇರಿಗೆ, ಸೇರಿನಿಂದ ಪರಾತಕ್ಕೆ ಸುರಿಯುತ್ತ ಇಪ್ಪತ್ತು ನಿಮಿಷ ಕುಳಿತ. ಚೆಲ್ಲಿದ್ದನ್ನು ಕೋಳಿಗಳು ಆರಿಸಿದವು, ಕೋಳಿಗಳನ್ನು ಇವನು ನೋಡಿದ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಎರಡನೆಯ ದಿನ ಒಂದು ಕಾಳು ಮೂಗಿನೊಳಗೆ ಹೋಯಿತು. ಪುಣ್ಯಕ್ಕೆ ಸೀನಿದ, ಹೊರಗೆ ಬಿತ್ತು. ಸೊಸೆಗೆ ಹೇಳಲಿಲ್ಲ, ಇದನ್ನು ಓದಿದಾಗಲೇ ಗೊತ್ತಾಗಬೇಕು. ಅಂದಿನಿಂದ ಕಾಳು ಬಂದ್. ಅದರ ಬದಲು ಸುಲಿದ ಗೋವಿನಜೋಳದ ದಿಂಡು, ಡಬ್ಬಿ, ಡಬ್ಬಿಯ ಮುಚ್ಚಳ. ನೀರು ಸುರಿಯಲು ಕೊಟ್ಟರೆ ಬೊಗಸೆಯಷ್ಟೇ, ಅದೂ ನಾನು ಪಕ್ಕದಲ್ಲಿ ಕುಳಿತು. ಈ ವಯಸ್ಸಿನ ಮಕ್ಕಳಿಗೆ ತುಂಬಿದ ಬಕೆಟ್ಟೂ ಬಾವಿಯೇ. ಬಚ್ಚಲಿನ ಬಕೆಟ್ಟುಗಳನ್ನೆಲ್ಲ ಖಾಲಿ ಮಾಡಿ ಬೋರಲು ಹಾಕುವುದು ನಮ್ಮ ಮನೆಯ ನಿಯಮವಾಯಿತು.

ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧಕಾಲದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದರು. ಸಣ್ಣ ಮಕ್ಕಳಿಗೆ ಸುರಿಯುವುದು, ಒರೆಸುವುದು, ಹೊತ್ತು ತರುವುದು ಆಟವಲ್ಲ, ಅದು ಅವರ ಕೆಲಸ ಎಂಬುದು ಅವರ ಮಾತಿನ ಸಾರ. ಇದನ್ನು ನಾನು ಓದಿದ್ದು ಆಮೇಲೆ. ಮೊಮ್ಮಗ ಮೊದಲೇ ತೋರಿಸಿದ್ದ. ಆಟಿಕೆ ಕೊಟ್ಟರೆ ಐದು ನಿಮಿಷಕ್ಕೆ ಎಸೆಯುತ್ತಿದ್ದವನು, “ಇದನ್ನ ಅಜ್ಜಿಗೆ ಕೊಟ್ಟು ಬಾ” ಎಂದು ಒಂದು ಉಳ್ಳಾಗಡ್ಡಿ ಕೈಗಿಟ್ಟರೆ ಗಂಭೀರನಾಗಿ ಅಡುಗೆಮನೆಗೆ ನಡೆಯುತ್ತಿದ್ದ. ಅಜ್ಜಿ ಅದನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಒಂದು ಉಳ್ಳಾಗಡ್ಡಿ ಹತ್ತು ಸಲ ಓಡಾಡಿದ ದಿನವೂ ಇದೆ.

ಹಿತ್ತಲು ಸಾಕಾದಾಗ ಬಂಡಿದಾರಿ. ನನ್ನ ನಡಿಗೆಗೆ ಹೊಲ ಹತ್ತು ನಿಮಿಷ, ಅವನ ನಡಿಗೆಗೆ ಮುಕ್ಕಾಲು ತಾಸು. ಮೊದಮೊದಲು ಕೈಹಿಡಿದು ಎಳೆದೆ. ಆಮೇಲೆ ತಿಳಿಯಿತು, ಹೊಲ ಮುಟ್ಟಬೇಕೆಂಬುದು ನನ್ನ ಹಟ, ಅವನದಲ್ಲ. ಅವನಿಗೆ ಬೇಕಾದದ್ದು ಇರುವೆಯ ಸಾಲು, ಟ್ರ್ಯಾಕ್ಟರಿನ ಗಾಲಿ ಎರಿ ಮಣ್ಣಿನಲ್ಲಿ ಮೂಡಿಸಿದ ಗುರುತು, ಬೇಲಿಯ ಮೇಲಿನ ಓತಿ. ಗಾಲಿಯ ಗುರುತಿನೊಳಗೇ ಹೆಜ್ಜೆ ಇಡಬೇಕು, ಹೊರಗೆ ಬಿದ್ದರೆ ಮತ್ತೆ ಮೊದಲಿನಿಂದ. ನಾನು ಕುಳಿತೆ. ಕುಳಿತಾಗ ಬೇವಿನ ಮರದ ಬುಡದಲ್ಲಿ ಹಳೆಯ ಬಂಡಿಯ ಕಲ್ಲಿನ ದೋಣಿ ಕಂಡಿತು. ಅದರಲ್ಲಿ ಎತ್ತಿಗೆ ನೀರು ಹಾಕುತ್ತಿದ್ದ ಅಪ್ಪನ ನೆನಪಾಯಿತು. ಎಷ್ಟು ವರ್ಷ ಅದರ ಮುಂದೆಯೇ ದಾಟಿ ಹೋಗಿದ್ದೆ.

ಜೂನ್ 21ಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತೇ ಸೂರ್ಯಗ್ರಹಣವೂ ಇತ್ತು. ಭಾನುವಾರ, ಪಾಠಕ್ಕೆ ರಜೆ. ಗ್ರಹಣ ಬಿಟ್ಟ ಮೇಲೆ ಮೂವರೂ ಮಕ್ಕಳು ಮಣ್ಣಿಗೆ ಕುಳಿತರು. ದೊಡ್ಡಾಕಿ ಎತ್ತು ಮಾಡಿದಳು, ನಡುವಿನವ ಕೊಂಬು ಅಂಟಿಸಿದ, ಸಣ್ಣವ ತನ್ನ ಉಂಡೆಯನ್ನು ಬಡಿದು ಬಡಿದು ರೊಟ್ಟಿ ಮಾಡಿದ. ಎತ್ತುಗಳ ಜೊತೆ ಆ ರೊಟ್ಟಿಗೂ ಪೂಜೆಯಾಯಿತು. ಉಳಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು, ಮುಂದೆ ಒಂದು ತಿಂಗಳು ಕೆಲಸಕ್ಕೆ ಬಂತು. ಪಂಚಮಿಗೆ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದವರು ಬಿಚ್ಚಲೇ ಇಲ್ಲ. ಮಳೆ ಹಿಡಿದ ದಿನ ಅದೇ ಗತಿ. ನಾನು ತೂಗುವುದು, ಮಗ್ಗಿ ಹೇಳುತ್ತಿದ್ದ ನಡುವಿನವ ಅದೇ ತೂಗಿಗೆ ಸರಿಯಾಗಿ ಎಂಟರ ಮಗ್ಗಿ ಮುಗಿಸುವುದು.

ಅಲ್ಲಿಂದ ಇನ್ನೊಂದು ಪಾಠ ಕಲಿತೆವು. ಕೂಸನ್ನು ಎರಡು ತಾಸೂ ಹೊರಗಿಡಬೇಕಿಲ್ಲ. ಅವನಿಗೆ ಹೊರಗಿಟ್ಟದ್ದು ಗೊತ್ತಾದರೆ ಒಳಗೇ ಬರಬೇಕು ಎನಿಸುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷ ಅವನನ್ನೂ ಚಾಪೆಯ ಮೇಲೆ ಕೂಡಿಸಿ, ಒಂದು ಪಾಟಿ ಕೊಟ್ಟು, “ಹಾಜರ್” ಎನ್ನಿಸಿ ಆಮೇಲೆ ಕರೆದೊಯ್ಯುತ್ತಿದ್ದೆ. ಕೊನೆಯ ಕಾಲು ತಾಸು ನಡುವಿನವ ಅವನಿಗೆ ಪಾಠ ಓದಿ ಹೇಳಬೇಕು. ಓದಲು ಬೇಸರ ಮಾಡುತ್ತಿದ್ದ ಹುಡುಗ, ಕೇಳುವವನೊಬ್ಬ ಸಿಕ್ಕನೆಂದು ಸ್ವರ ಏರಿಸಿ ಓದತೊಡಗಿದ. ತಪ್ಪು ಓದಿದರೂ ಆ ಶ್ರೋತೃ ಚಪ್ಪಾಳೆ ತಟ್ಟುತ್ತಿದ್ದ.

ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ರಾಜ್ಯದಲ್ಲೆಲ್ಲ ‘ವಿದ್ಯಾಗಮ’ ಶುರುವಾಯಿತು. ಶಿಕ್ಷಕರು ತಾವೇ ಓಣಿಗೆ ಬಂದು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಒಂದು ದಿನ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ದೂರದಿಂದ ನೋಡಿದೆ. ಹುಡುಗರು ಪುಸ್ತಕ ಹಿಡಿದು ಬಂದಿದ್ದರು. ಹುಡುಗಿಯರಲ್ಲಿ ಒಂದಿಬ್ಬರು ಪುಸ್ತಕದ ಜೊತೆ ಬಗಲಲ್ಲಿ ಕೂಸನ್ನೂ ತಂದಿದ್ದರು. ಅಂಗನವಾಡಿಯೂ ಮುಚ್ಚಿತ್ತು, ತಾಯಂದಿರು ಕಳೆ ತೆಗೆಯಲು ಹೋಗಿದ್ದರು. ಒಂದು ಕೂಸು ಅತ್ತಿತು. ಆ ಹುಡುಗಿ ಎದ್ದು ಕಟ್ಟೆಯ ಹಿಂದೆ ಹೋಗಿ ತೂಗುತ್ತ, ಕುತ್ತಿಗೆ ಮಾತ್ರ ಇತ್ತ ತಿರುಗಿಸಿ ಪಾಠ ಕೇಳುತ್ತಿದ್ದಳು. ನನಗೆ ಅಕ್ಕ ಅಲ್ಲಿ ನಿಂತಂತೆ ಕಂಡಿತು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಆ ಪಾಠಗಳೂ ನಿಂತವು.

ಇದನ್ನು ನಮಗಿಂತ ಬಹಳ ಮೊದಲು ಕಂಡವರು ತಾರಾಬಾಯಿ ಮೋಡಕ್. 1945ರಲ್ಲಿ ಮಹಾರಾಷ್ಟ್ರದ ಸಮುದ್ರದಂಡೆಯ ಬೋರ್ಡಿಯಲ್ಲಿ, ಮುಂದೆ ಕೋಸಬಾಡ ಗುಡ್ಡದಲ್ಲಿ, ಅನುತಾಯಿ ವಾಘ್ ಅವರ ಜೊತೆ ಆದಿವಾಸಿ ಮಕ್ಕಳಿಗೆ ಬಾಲವಾಡಿ ನಡೆಸಿದವರು. ದೊಡ್ಡ ಮಕ್ಕಳು ಶಾಲೆಗೆ ಬಾರದಿರಲು ಕಾರಣ ಅವರ ಬಗಲಲ್ಲಿರುವ ತಮ್ಮ ತಂಗಿ ಎಂದು ತಿಳಿದು, ಕೂಸುಗಳ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಇಟ್ಟರು. ಅಕ್ಕನಿಗೆ ಪಾಠ, ತಮ್ಮನಿಗೆ ಪಕ್ಕದಲ್ಲೇ ಆಟ. ನಮ್ಮ ದೇಶದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆದರೆ ಅಲ್ಲಿ ಆಟ ಪಾಠ ಮೂರು ವರ್ಷ ತುಂಬಿದವರಿಗೆ. ಒಂದೂವರೆ ವರ್ಷದ ಕೂಸು ಅಕ್ಕನ ಬಗಲಲ್ಲಿಯೇ ಉಳಿಯಿತು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿದಾಗ ಆ ಸುದ್ದಿಯನ್ನು ಅಕ್ಕನಿಗೆ ಓದಿ ಹೇಳಿದೆ. “ಹೆಸರು ಚೊಲೋ ಇಟ್ಟಾರ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಎಪ್ಪತ್ತು ವರ್ಷ ತಡಾ ಆತು” ಎಂದಳು.

ಮರುವರ್ಷ ಶಾಲೆ ತೆರೆದು ಮಕ್ಕಳು ಬೆಂಗಳೂರಿಗೆ ಹೋದರು. ಸಣ್ಣವ ಈಗ ಮೊದಲ ತರಗತಿ. ಬೇಸಿಗೆ ರಜೆಗೆ ಬಂದರೆ ಬಂಡಿದಾರಿಯಲ್ಲಿ ನನ್ನನ್ನು ಹಿಂದೆ ಬಿಟ್ಟು ಓಡುತ್ತಾನೆ. ಆಗ ನನ್ನ ಜೊತೆ ನಡೆದದ್ದು ಅವನಿಗೆ ನೆನಪಿಲ್ಲ. ಅಕ್ಕನ ಬಗಲು ನನಗೆ ನೆನಪಿಲ್ಲದ ಹಾಗೆಯೇ. ಹೊತ್ತವರಿಗೆ ಮಾತ್ರ ನೆನಪಿರುತ್ತದೆ.

ಈ ರಜೆಯಲ್ಲಿ ದೊಡ್ಡಾಕಿ ಕಾಲೇಜಿನ ಪುಸ್ತಕ ತಂದಿದ್ದಳು. ಕಟ್ಟೆಯ ಮೇಲೆ ಅಕ್ಕನ ಪಕ್ಕ ಕುಳಿತು ಓದುತ್ತಿದ್ದಾಗ ಎದುರು ಮನೆಯ ಪುಟ್ಟ ಕೂಸೊಂದು ತೆವಳುತ್ತ ಬಂದು ಅವಳ ಪುಸ್ತಕ ಎಳೆಯಿತು. ಅವಳು ಎತ್ತಿಕೊಳ್ಳಲು ಬಗ್ಗಿದಳು. ಅಕ್ಕ ಅವಳ ಕೈ ಸರಿಸಿ, ಕೂಸನ್ನು ತನ್ನ ತೊಡೆಗೆ ಎಳೆದುಕೊಂಡು ನನ್ನ ಕಡೆ ನೋಡಿದಳು. ನಾನು ಪೇಪರು ಮಡಚಿ ಎದ್ದೆ. ಸೇರು ಪಾವು ಇನ್ನೂ ಅಟ್ಟಕ್ಕೆ ಹೋಗಿಲ್ಲ.