ಸಿಕಂದರಾಬಾದಿನಲ್ಲಿ ನಾಕು ತಂತಿ

ಮೆಟ್ಟುಗುಡ ಮೆಟ್ರೋ ಸ್ಟೇಷನ್ನಿನಲ್ಲಿ ತಪಾಸಣೆಗೆ ನಿಂತಿದ್ದ ಹುಡುಗ ನನ್ನ ಬೆನ್ನ ಮೇಲಿನ ಉದ್ದನೆಯ ಕಪ್ಪು ಚೀಲವನ್ನು ಕೆಳಗಿಳಿಸಲು ಹೇಳಿದ. ಜಿಪ್ ತೆಗೆಸಿದ, ಬಗ್ಗಿ ನೋಡಿದ, ಬೆರಳಿಟ್ಟು ಎಣಿಸಿದ. ಆಮೇಲೆ ಬಹಳ ಕಾಳಜಿಯಿಂದ ಕೇಳಿದ: "ಭಾಯಿ, ದೋ ತಾರ್ ಕಿಧರ್ ಗಯೇ?"

ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಬೇಸ್ ಗಿಟಾರ್ ಹಿಡಿದು ಒಂಬತ್ತು ವರ್ಷ. ಎರಡು ತಂತಿ ಎಲ್ಲಿ ಹೋದವು ಎಂಬ ಪ್ರಶ್ನೆಯನ್ನು ಆಟೋದವರು, ಮದುವೆ ಮನೆಯ ಸೋದರಮಾವಂದಿರು, ಒಮ್ಮೆ ಒಬ್ಬ ಪುರೋಹಿತರು ಕೂಡ ಕೇಳಿದ್ದಾರೆ. ಮೊದಮೊದಲು ವಿವರಿಸುತ್ತಿದ್ದೆ. ಈಗ "ಹರಿದು ಹೋದವು, ರಿಪೇರಿಗೆ ಒಯ್ಯುತ್ತಿದ್ದೇನೆ" ಅಂತ ಹೇಳಿ ಮುಂದೆ ಹೋಗುತ್ತೇನೆ. ಕನ್ನಡದವರು ಸಿಕ್ಕರೆ ಮಾತ್ರ ಬೇರೆ ಉತ್ತರ ಕೊಡುವುದುಂಟು. ನಮ್ಮ ಬೇಂದ್ರೆಯವರಿಗೆ 'ನಾಕುತಂತಿ'ಗೇ 1973ರಲ್ಲಿ ಜ್ಞಾನಪೀಠ ಬಂತಲ್ಲ, ನನಗೂ ಅಷ್ಟೇ ತಂತಿ ಸಾಕು. ಬಂದಿರುವುದು ಮಾತ್ರ ಬೆನ್ನುನೋವು.

ನಾನು ವಾಡಿಯವನು. ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಅಂದರೆ ಬೆಂಗಳೂರಿನವರಿಗೆ ಸಿಮೆಂಟ್ ನೆನಪಾದೀತು. ನಮಗೆ ಅದು ರೈಲಿನ ಊರು. ಬೊಂಬಾಯಿ–ಮದರಾಸು ಮಾರ್ಗ ನಮ್ಮೂರಿನ ಮೇಲೆ ಹಾದುಹೋಯಿತು, ಹೈದರಾಬಾದ್ ಆ ಮಾರ್ಗದಲ್ಲಿ ಇರಲಿಲ್ಲ. ತಮ್ಮ ರಾಜಧಾನಿಯನ್ನು ಅದಕ್ಕೆ ಜೋಡಿಸಲು ನಿಜಾಮರು ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿದರು. 1874ರಲ್ಲಿ ಮೊದಲ ಗಾಡಿ ಓಡಿತು. ನಿಜಾಮರ ಮೊದಲ ರೈಲುಮಾರ್ಗದ ಒಂದು ತುದಿ ನಮ್ಮ ಊರು, ಇನ್ನೊಂದು ತುದಿ ನಾನೀಗ ಬಾಡಿಗೆಗಿರುವ ಊರು. ನಡುವೆ ಸುಮಾರು 190 ಕಿಲೋಮೀಟರ್. ನಮ್ಮಪ್ಪ ಗೂಡ್ಸ್ ಗಾಡಿಯ ಡ್ರೈವರ್ ಆಗಿ ಈ ಹಳಿಯ ಮೇಲೆ ಎಷ್ಟು ಸಲ ಹೋಗಿಬಂದರೋ ಲೆಕ್ಕವಿಲ್ಲ. ಅವರಿಗೆ ಸಿಕಂದರಾಬಾದ್ ಅಂದರೆ ರನ್ನಿಂಗ್ ರೂಮು, ಅಲ್ಲಿಯ ಮಂಚ, ಸ್ಟೇಷನ್ ಎದುರಿನ ಚಹಾ, ಅಷ್ಟೇ.

ನನ್ನ ಸಿಕಂದರಾಬಾದ್ ಸ್ಟೇಷನ್ನಿನ ಹಿಂದಿನ ಬಾಗಿಲಿನಿಂದ ಶುರುವಾಗುತ್ತದೆ. ಹತ್ತನೇ ಪ್ಲಾಟ್‌ಫಾರ್ಮಿನ ಕಡೆ ಹೊರಗೆ ಬಂದರೆ ಚಿಲಕಲಗುಡ, ಮುಂದೆ ಮೆಟ್ಟುಗುಡ, ಅದರ ಮಗ್ಗುಲಿಗೆ ಲಾಲಾಗುಡ. 1806ರಲ್ಲಿ ಬ್ರಿಟಿಷರ ದಂಡಿನ ಊರಾಗಿ ಹುಟ್ಟಿ, ಮೂರನೇ ನಿಜಾಮ ಸಿಕಂದರ್ ಜಾಹ್ ಅವರ ಹೆಸರು ಪಡೆದ ಊರು ಇದು. ಹುಸೇನ್ ಸಾಗರದ ಆಚೆ ದಂಡೆಯ ಹೈದರಾಬಾದಿಗೂ ಇದಕ್ಕೂ ಇವತ್ತಿಗೂ ಗುಣ ಬೇರೆ. ಆಚೆಗೆ ಅರಮನೆ, ಚಾರ್‌ಮಿನಾರ್, ಷಾಯಿರಿ. ಈಚೆಗೆ ಬ್ಯಾರಕ್ಕು, 1813ರ ಸೇಂಟ್ ಜಾನ್ಸ್ ಚರ್ಚು, 1850ರ ಸೇಂಟ್ ಮೇರೀಸ್, ಗಡಿಯಾರದ ಗೋಪುರ, ರೈಲ್ವೆ ಕಾಲೊನಿ. 1893ರಲ್ಲಿ ಲಾಲಾಗುಡದಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು. ಅದರ ಸುತ್ತ ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಿದವು. ಡ್ರೈವರು, ಗಾರ್ಡು, ಫೋರ್‌ಮನ್ನು. ಭಾನುವಾರ ಚರ್ಚು, ಡಿಸೆಂಬರಿನಲ್ಲಿ ಕುಣಿತ. ಕುಣಿತ ಅಂದಮೇಲೆ ಬ್ಯಾಂಡು ಬೇಕಲ್ಲ. 1947ರ ನಂತರ ಬಹಳಷ್ಟು ಮನೆಗಳವರು ಇಂಗ್ಲೆಂಡು, ಆಸ್ಟ್ರೇಲಿಯಾ ಅಂತ ಹಡಗು ಹತ್ತಿದರು. ಉಳಿದವರ ಮನೆಗಳಲ್ಲಿ ಗಿಟಾರು ಉಳಿಯಿತು.

ನನಗೆ ಕಲಿಸಿದವರು ಅಂಥ ಒಂದು ಮನೆಯ ಹಿರಿಯರು, ನಿವೃತ್ತ ರೈಲ್ವೆ ನೌಕರರು. ನಾನು ಹೋದದ್ದು ಗಿಟಾರ್ ಕಲಿಯಲಿಕ್ಕೆ. ಅಲ್ಲಿ ಆಗಲೇ ಗಿಟಾರ್ ಹಿಡಿದ ಹುಡುಗರು ಏಳು ಜನ ಇದ್ದರು. ಮೂಲೆಯಲ್ಲಿ ಒಂದು ಬೇಸ್ ಒರಗಿಸಿಟ್ಟಿತ್ತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. "ನೀನು ಎತ್ತರ ಇದ್ದೀಯ, ಮಾತು ಕಡಿಮೆ. ಅದನ್ನು ತಗೋ" ಎಂದರು. ನನ್ನ ಸಂಗೀತ ಜೀವನದ ನಿರ್ಧಾರ ಅಷ್ಟರಲ್ಲಿ ಮುಗಿಯಿತು.

ಆಮೇಲೆ ಓದಿ ತಿಳಿದೆ, ಇದು ನನ್ನೊಬ್ಬನ ಕಥೆಯಲ್ಲ. ಬೀಟಲ್ಸ್ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ 1961ರಲ್ಲಿ ತಂಡ ಬಿಟ್ಟಾಗ ಆ ಜಾಗಕ್ಕೆ ಬರಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಪಾಲ್ ಮೆಕಾರ್ಟ್ನಿ ಪಾಲಿಗೆ ಅದು ಬಂತು. ಲೋಕದ ಅರ್ಧ ಬೇಸ್ ವಾದಕರು ಹೀಗೆ ಹಿಂದಿನ ಬಾಗಿಲಿನಿಂದ ಬಂದವರೇ. ಈ ವಾದ್ಯವನ್ನು ಮಾರುಕಟ್ಟೆಗೆ ಚೆನ್ನಾಗಿ ತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು, ಅವರಿಗೇ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಅದಕ್ಕೂ ಮುಂಚೆ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿತ್ತು. 1951ರಲ್ಲಿ ಅವರ ಬೇಸ್ ಬಂದಮೇಲೆ ಹೆಗಲಿಗೆ ಹಾಕಿಕೊಂಡು ನಡೆಯುವ ಹಾಗಾಯಿತು. ಹಾಗಂತ ಹಗುರ ಏನಲ್ಲ. ವಾದ್ಯಕ್ಕಿಂತ ಅದರ ಆಂಪ್ಲಿಫೈಯರ್ ಭಾರ. ಗಾಯಕಿ ಕರ್ಚೀಫು ಹಿಡಿದು ಮೆಟ್ಟಿಲು ಹತ್ತುವಾಗ, ಹಿಂದೆ ಅಕ್ಕಿ ಮೂಟೆ ಹೊತ್ತವನ ಹಾಗೆ ಬರುವವನು ನಾನು.

ಬೇಸಿನ ಕೆಲಸ ಏನು ಅಂತ ಊರಲ್ಲಿ ಕೇಳಿದರೆ ನಾನು ಗೀಗೀ ಪದದ ಮೇಳವನ್ನು ತೋರಿಸುತ್ತೇನೆ. ಮುಂದೆ ಡಪ್ಪು ಹಿಡಿದು ಹಾಡುವವನನ್ನು ಎಲ್ಲರೂ ನೋಡುತ್ತಾರೆ. ಹಿಂದೆ ಒಬ್ಬ ಒಂಟಿ ತಂತಿಯ ತುಂತುಣಿ ಹಿಡಿದು ನಿಂತಿರುತ್ತಾನೆ. ಬೆಳಗಿನವರೆಗೂ ಅವನದು ಅದೇ ಸ್ವರ. ಅವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅವನು ಬೀಡಿ ಸೇದಲಿಕ್ಕೆ ಎದ್ದು ಹೋಗಲಿ, ಮುಂದಿನವನ ಹಾಡಿಗೆ ನೆಲವೇ ಇರುವುದಿಲ್ಲ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 82 ಸಲ ಕಂಪಿಸಿದರೆ ಬೇಸಿನದು 41 ಸಲ. ಅದು ಕಿವಿಗಿಂತ ಮೊದಲು ಎದೆಗೆ, ಅಂಗಾಲಿಗೆ ತಾಗುವ ಸದ್ದು. ಜನ ಕುಣಿಯುವುದು ಅದಕ್ಕೆ, ಚಪ್ಪಾಳೆ ತಟ್ಟುವುದು ಗಾಯಕನಿಗೆ.

ಅಮೆರಿಕದ ಜೇಮ್ಸ್ ಜೇಮರ್ಸನ್ ಅವರ ಗತಿಯೂ ಇದೇ. ಬಲಗೈಯ ಒಂದೇ ತೋರುಬೆರಳಿನಲ್ಲಿ ತಂತಿ ಮೀಟಿ, ಮೋಟೌನ್ ಕಂಪನಿಯ ಎಷ್ಟೋ ಜನಪ್ರಿಯ ಹಾಡುಗಳಿಗೆ ನೆಲ ಹಾಕಿಕೊಟ್ಟವರು ಅವರು. ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಅವರ ಹೆಸರೇ ಇರಲಿಲ್ಲ. ಮಾರ್ವಿನ್ ಗೇ ಅವರ 1971ರ ಆಲ್ಬಮ್ಮಿನಲ್ಲಿ ವಾದಕರ ಹೆಸರು ಅಚ್ಚಾದಾಗ ಜನರಿಗೆ ತಿಳಿಯಿತು, ಇಂಥವರೊಬ್ಬರು ಇದ್ದಾರೆ ಅಂತ.

ನಮ್ಮ ಬಗ್ಗೆ ಇರುವ ಜೋಕುಗಳಿಗಂತೂ ಲೆಕ್ಕವಿಲ್ಲ. ಕಾಡಿನಲ್ಲಿ ಮೂರು ದಿನದಿಂದ ಡೋಲು ಬಡಿಯುತ್ತಿದೆ. ಹೊರಗಿನಿಂದ ಬಂದವನಿಗೆ ನಿದ್ದೆಯಿಲ್ಲ. "ಇದು ಯಾವಾಗ ನಿಲ್ಲುತ್ತದೆ?" ಎಂದರೆ ಕಾಡಿನವನು ನಡುಗುತ್ತಾ, "ಅಯ್ಯೋ, ನಿಲ್ಲಬಾರದು" ಅನ್ನುತ್ತಾನೆ. "ನಿಂತರೆ ಏನಾಗುತ್ತದೆ?" "ಬೇಸ್ ಸೋಲೋ ಶುರುವಾಗುತ್ತದೆ!" ಈ ಜೋಕನ್ನು ನನಗೆ ಮೊದಲು ಹೇಳಿದ್ದು ನಮ್ಮ ಡ್ರಮ್ಮರ್. ಎರಡನೇ ಸಲವೂ ಅವನೇ. ಈಗ ಪ್ರತಿ ಕಾರ್ಯಕ್ರಮದಲ್ಲೂ ಮೈಕ್ ಟೆಸ್ಟಿಗೆ ಅದೇ ಜೋಕು.

ನಮ್ಮದು ಮದುವೆ, ಸಂಗೀತ್, ಅಪಾರ್ಟ್‌ಮೆಂಟ್ ಹಬ್ಬಗಳಲ್ಲಿ ನುಡಿಸುವ ತಂಡ. ಡ್ರಮ್ಮರ್ ಲಾಲಾಗುಡದವನು, ಗಿಟಾರಿನವನು ಮಲಯಾಳಿ, ಗಾಯಕಿ ತೆಲುಗಿನವರು. ಕೆಳಗೆ ನಾನು, ಕನ್ನಡದವನು. ಬೋಯಿನ್‌ಪಲ್ಲಿಯಿಂದ ಆಚೆಗೆ ಸಾಲಾಗಿರುವ ಫಂಕ್ಷನ್ ಹಾಲುಗಳಲ್ಲಿ ನಾನು ನೋಡದ ಹಿಂಬಾಗಿಲು ಇಲ್ಲ. ಒಂದು ಕಡೆ ಅಡುಗೆಯವರು ಬಂದು, ತಟ್ಟೆ ಜೋಡಿಸಿಟ್ಟಿದ್ದೆಲ್ಲ ಅಲುಗಾಡುತ್ತಿದೆ, ಸ್ವಲ್ಪ ಕಮ್ಮಿ ಮಾಡಿ ಎಂದರು. ನನ್ನ ವಾದನಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ಇನ್ನೊಂದು ಕಡೆ ದಿಬ್ಬಣದ ಜೊತೆ ಮರ್ಫಾ ಬಂತು. ಒಂದು ಕಾಲಕ್ಕೆ ನಿಜಾಮರ ಸೈನ್ಯದಲ್ಲಿದ್ದ ಅರಬ್ಬರು, ಸಿದ್ದಿಗಳು ತಂದ ತಾಳವಾದ್ಯ ಅದು. ಅದರ ಪೆಟ್ಟು ಬಿದ್ದರೆ ಹೈದರಾಬಾದಿನ ಮುದುಕರೂ ಕುರ್ಚಿ ಬಿಟ್ಟು ಏಳುತ್ತಾರೆ. ಅರ್ಧ ಗಂಟೆ ನಮ್ಮನ್ನು ಕೇಳುವವರೇ ಇರಲಿಲ್ಲ. ಗಾಯಕಿ ಮುಖ ಸಿಂಡರಿಸಿ ಕೂತಿದ್ದರು. ನನಗೇನೂ ವ್ಯತ್ಯಾಸ ಅನಿಸಲಿಲ್ಲ.

ರಾತ್ರಿ ಕೆಲಸ ಮುಗಿದ ಮೇಲೆ ಸ್ಟೇಷನ್ ಎದುರು ಇರಾನಿ ಚಹಾ, ಒಂದು ಉಸ್ಮಾನಿಯಾ ಬಿಸ್ಕತ್ತು. ಸಿಹಿ ಮತ್ತು ಉಪ್ಪು ಒಟ್ಟಿಗೆ ಇರುವ ಆ ಬಿಸ್ಕತ್ತಿನ ಹಾಗೆಯೇ ನಮ್ಮ ಕಸುಬು.

ಆದರೆ ಎರಡು ವರ್ಷದಿಂದ ಉಪ್ಪು ಜಾಸ್ತಿಯಾಗುತ್ತಾ ಬಂತು. ಐದು ಜನರ ತಂಡ ದುಬಾರಿ ಅಂತ ಗಿರಾಕಿಗಳು ನಾಲ್ಕು ಜನರನ್ನು ಕೇಳತೊಡಗಿದರು. ಯಾರನ್ನು ಬಿಡುವುದು? ಬೇಸಿನ ಕೆಲಸವನ್ನು ಕೀಬೋರ್ಡಿನವನ ಎಡಗೈ ಮಾಡುತ್ತದೆ. ಅದೂ ಬೇಡವೆಂದರೆ ಲ್ಯಾಪ್‌ಟಾಪಿನ ಒಂದು ಟ್ರ್ಯಾಕ್ ಮಾಡುತ್ತದೆ, ಅದಕ್ಕೆ ಊಟ ಹಾಕಬೇಕಿಲ್ಲ. ಹಗಲಿನ ನೌಕರಿ ಇರುವುದರಿಂದ ಹೊಟ್ಟೆಗೆ ತೊಂದರೆಯಿಲ್ಲ, ನಿಜ. ಆದರೆ ವಾರಾಂತ್ಯ ಬಂದಾಗ ಫೋನ್ ಸುಮ್ಮನಿರುವುದನ್ನು ನೋಡುತ್ತಾ ಕೂರುವುದು ಬೇರೆ ಸಂಕಟ. ಕಳೆದ ದಸರೆಗೆ ವಾದ್ಯವನ್ನು ಮಾರಾಟಕ್ಕೆ ಹಾಕಿದೆ. ಮಲ್ಕಾಜ್‌ಗಿರಿಯ ಒಬ್ಬ ಹುಡುಗ ಫೋನ್ ಮಾಡಿ, ಬಂದು ನೋಡುತ್ತೇನೆ ಎಂದ.

ಅಷ್ಟರಲ್ಲಿ ನವೆಂಬರ್ ಬಂತು. ಇಲ್ಲಿಯ ಒಂದು ಕನ್ನಡ ಬಳಗದ ರಾಜ್ಯೋತ್ಸವ, ನಮ್ಮ ತಂಡಕ್ಕೆ ಕರೆ ಬಂತು. ಇದೇ ಕೊನೆಯದು ಅಂದುಕೊಂಡು ಅಪ್ಪ ಅಮ್ಮನಿಗೆ ಬರಲು ಹೇಳಿದೆ. ಅಪ್ಪ ನನ್ನ ನುಡಿಸಾಟವನ್ನು ಅದುವರೆಗೆ ಎದುರಿಗೆ ಕೇಳಿರಲಿಲ್ಲ. ವಾಟ್ಸಾಪಿನಲ್ಲಿ ವಿಡಿಯೋ ನೋಡಿದ್ದರು ಅಷ್ಟೇ. ಪ್ರತಿ ವಿಡಿಯೋಗೂ ಅವರದು ಒಂದೇ ಮಾತು: "ಎಲ್ಲಾರ್ದೂ ಕೇಳ್ತದ. ನಿಂದ್ ಬರೇ ಬೆರಳು ಆಡ್ತಾವ, ಸದ್ದೇ ಇಲ್ಲಲ್ಲೋ ತಮ್ಮಾ?"

ಅವರ ತಪ್ಪಲ್ಲ. ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ಸದ್ದನ್ನು ಹೊರಗೆ ಹಾಕಲಾರದು. ಅದೂ ಅಲ್ಲದೆ ಅಪ್ಪನ ಕಿವಿ ಮಂದವಾಗಿ ಆರೇಳು ವರ್ಷ ಆಗಿತ್ತು. ಇಂಜಿನ್ನಿನ ಕ್ಯಾಬಿನ್ನಿನಲ್ಲಿ ಮೂವತ್ತು ವರ್ಷ ಕೂತವರ ಕಿವಿ. ಮೊಮ್ಮಗಳ ಮಾತು ಕೇಳುವುದಿಲ್ಲ, ಕುಕ್ಕರಿನ ಸೀಟಿ ಕೇಳುವುದಿಲ್ಲ. ಹಾಡಂತೂ ಬಿಟ್ಟೇ ಬಿಟ್ಟಿದ್ದರು. ಮಷಿನ್ ಕೊಡಿಸಿದರೆ ಡಬ್ಬಿಯಲ್ಲಿಟ್ಟು ಬೀಗ ಹಾಕಿದರು. ಬಂದವರು ಮುಂದಿನ ಸಾಲಿನಲ್ಲಿ, ದೊಡ್ಡ ಸ್ಪೀಕರಿನ ಮಗ್ಗುಲಿಗೆ, ಶಲ್ಯ ಹೊದ್ದು ಕೂತರು. ಸುಮ್ಮನೆ ಹಾಜರಿ ಹಾಕಲಿಕ್ಕೆ ಬಂದವರ ಮುಖ.

ಮೂರನೆಯ ಹಾಡು 'ಪಲ್ಲವಿ ಅನುಪಲ್ಲವಿ' ಚಿತ್ರದ ಯುಗಳಗೀತೆ. 1983ರ ಚಿತ್ರ, ಇಳಯರಾಜಾ ಸಂಗೀತ. ಎಸ್.ಪಿ.ಬಿ., ಜಾನಕಿ ಅವರ ದನಿಯನ್ನು ಎಲ್ಲರೂ ಮೆಚ್ಚುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೆಳಗಿನ ಬೇಸನ್ನಷ್ಟೇ ಒಮ್ಮೆ ಹಿಂಬಾಲಿಸಿ ನೋಡಿ. ಅದು ತಾಳ ಹಾಕುತ್ತಾ ನಿಲ್ಲುವುದಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ. ನಾನು ತಲೆ ತಗ್ಗಿಸಿ ಅದನ್ನು ನುಡಿಸುತ್ತಿದ್ದೆ. ನಡುವೆ ಒಮ್ಮೆ ತಲೆ ಎತ್ತಿದರೆ ಅಪ್ಪ ಚಪ್ಪಲಿ ಬಿಟ್ಟು ಪಾದವನ್ನು ನೆಲಕ್ಕೆ ಊರಿದ್ದರು. ಒಂದು ಕೈ ಕುರ್ಚಿಯ ತೋಳಿನ ಮೇಲೆ, ಬೆರಳು ತಟ್ಟುತ್ತಿತ್ತು. ಗಾಯಕಿಯ ಕಡೆ ಅವರ ಲಕ್ಷ್ಯವೇ ಇಲ್ಲ.

ವಯಸ್ಸಿಗೆ ಹೋಗುವ ಕಿವಿಯಾಗಲಿ, ಸದ್ದಿಗೆ ಹೋಗುವ ಕಿವಿಯಾಗಲಿ, ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಕೊನೆಯವರೆಗೂ ಉಳಿಯುವುದು ಸಾಮಾನ್ಯವಾಗಿ ತಗ್ಗಿನವು. ಇದನ್ನು ನಾನು ಆಮೇಲೆ ಡಾಕ್ಟರರನ್ನು ಕೇಳಿ ತಿಳಿದದ್ದು. ಸಭೆಗೆಲ್ಲ ಕೇಳಿದ ಹಾಡು ಅಪ್ಪನಿಗೆ ಕೇಳಿರಲಿಲ್ಲ. ಸಭೆ ಗಮನಿಸದ ಒಂದು ಸದ್ದು ಅವರೊಬ್ಬರಿಗೆ ಪೂರಾ ಕೇಳಿತ್ತು.

ಮುಗಿದ ಮೇಲೆ ಸ್ಟೇಷನ್ ಎದುರು ಚಹಾಕ್ಕೆ ಕೂತೆವು. ಅವರಿಗೆ ಗೊತ್ತಿದ್ದ ಸ್ಟೇಷನ್ ಈಗ ಇಲ್ಲ, ಹೊಸದು ಕಟ್ಟುತ್ತಿದ್ದಾರೆ. ಅಪ್ಪ ಸಾಸರಿಗೆ ಚಹಾ ಸುರುವಿಕೊಂಡು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನ ಚೀಲದ ಕಡೆ ಗಲ್ಲ ತೋರಿಸಿ ಕೇಳಿದರು:

"ರಾತ್ರಿ ಗಾಡಿ ಸಿಗ್ನಲ್‌ಗೆ ನಿಂತಾಗ ಇಂಜಿನ್ ಒಂದೇ ಸವನ ನಡೀತಿರ್ತದಲ್ಲ, ಹಂಗ ಇತ್ತಲ್ಲ ಒಂದ್. ಅದು ನಿಂದೇನು?"

"ಹೌದಪ್ಪ, ಅದೇ ನಂದು."

"ಅದು ಬಂದ್ ಆದ್ರ ಗಾಡಿ ಎಲ್ಲೀದು" ಅಂದು ಚಹಾ ಕುಡಿದರು. ಅಮ್ಮ ಕಡೆ ತಿರುಗಿ, "ಉಳದವ್ರೆಲ್ಲ ಸುಮ್ನ ಬಾಯಿ ಬಿಟ್ಟು ನಿಂತಿದ್ರು ನೋಡು" ಎಂದೂ ಸೇರಿಸಿದರು.

ಮಾರನೆಯ ಬೆಳಿಗ್ಗೆ ಮಲ್ಕಾಜ್‌ಗಿರಿಯ ಹುಡುಗನ ಫೋನ್ ಬಂತು. ವಾದ್ಯ ಸದ್ಯಕ್ಕೆ ಕೊಡುವುದಿಲ್ಲ ಎಂದೆ. ಬೇಜಾರು ಮಾಡಿಕೊಂಡ. ಕಲಿಯುವುದಿದ್ದರೆ ಭಾನುವಾರ ಮೆಟ್ಟುಗುಡಕ್ಕೆ ಬಾ ಎಂದೆ. ಬಂದ. ಬಾಗಿಲಲ್ಲೇ ನಿಂತು ಬೇಸನ್ನು ನೋಡಿ ಅವನು ಕೇಳಿದ ಮೊದಲ ಪ್ರಶ್ನೆ: "ಅಣ್ಣಾ, ಇದಕ್ಕೆ ಇನ್ನೆರಡು ತಂತಿ ಹಾಕಿಸಲಿಕ್ಕೆ ಬರುತ್ತದಾ?"