ಮೊಮ್ಮಗಳಿಗೆ ಕೇಳಿಸಿದ ಸದ್ದು

"ಅಜ್ಜ, ಜೀಪು ಅಳ್ತಾ ಇದೆ" ಎಂದಳು ಪುಟ್ಟಿ.

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದವಳನ್ನು ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಮನೆಗೆ ಕರೆತರುತ್ತಿದ್ದೆ. ಕಿವಿಗೊಟ್ಟು ಕೇಳಿದೆ. ಇಂಜಿನ್ನಿನ ಗುಡುಗು, ಹಿಂದಿನ ಬಾಗಿಲಿನ ಗಡಗಡ, ಎಲ್ಲ ಎಂದಿನಂತೆಯೇ ಇತ್ತು.

"ಮೂವತ್ತು ವರ್ಷದ ಜೀಪು ಮಾರಾಯ್ತಿ. ಅಳೋದಲ್ಲ, ಹಾಡೋದು" ಎಂದೆ.

"ಅಲ್ಲಜ್ಜ, ಮುಂದುಗಡೆಯಿಂದ ಕುಂಯ್ ಅಂತಿದೆ. ನೀವು ಜೋರಾಗಿ ಹೋದ್ರೆ ಜಾಸ್ತಿ ಆಗುತ್ತೆ, ನಿಧಾನ ಮಾಡಿದ್ರೆ ಕಡಿಮೆ ಆಗುತ್ತೆ."

ನನಗೆ ಕೊಂಚ ಸಿಟ್ಟೇ ಬಂತು. ಜೀಪಿನ ಸದ್ದು ಕೇಳಿಯೇ ರೋಗ ಹೇಳುತ್ತೇನೆಂದು ಊರಲ್ಲಿ ಹೆಸರು ಮಾಡಿದವನು ನಾನು. ಐದನೇ ಕ್ಲಾಸಿನ ಹುಡುಗಿ ನನಗೆ ಹೇಳಿಕೊಡುವುದೇ? ಮನೆಗೆ ಬಂದು ಇವಳಿಗೆ ಹೇಳಿದರೆ ಅವಳು ನಗಲೂ ಇಲ್ಲ. "ಟಿವಿ ಸೌಂಡು ಎಷ್ಟಿಟ್ಟಿದ್ದೀರಿ, ಒಮ್ಮೆ ನೋಡಿ" ಎಂದಳು ಅಷ್ಟೆ.

ಆ ಮಾತು ರಾತ್ರಿಯಿಡೀ ಕೊರೆಯಿತು. ಬೆಳಿಗ್ಗೆ ಎದ್ದವನೇ ಪುಟ್ಟಿಯನ್ನು ಕರೆದೆ. "ಬಾ, ಸದ್ದು ಎಲ್ಲಿಂದ ಬರುತ್ತದೆ ಅಂತ ಹುಡುಕೋಣ. ಕೇಳೋದು ನೀನು, ಓಡಿಸೋದು ನಾನು."

ನಮ್ಮ ಜೀಪಿನ ಮುಂದಿನ ಚಕ್ರಗಳ ನಡುವೆ ಕೈಯಿಂದ ತಿರುಗಿಸುವ ಲಾಕ್ ಹಬ್ ಇದೆ. ಲಾಕ್ ಮಾಡಿದರೆ ಚಕ್ರದ ಜೊತೆಗೆ ಒಳಗಿನ ಆಕ್ಸಲ್, ಡಿಫರೆನ್ಷಿಯಲ್ ಎಲ್ಲವೂ ತಿರುಗುತ್ತವೆ. ಫ್ರೀ ಮಾಡಿದರೆ ಚಕ್ರ ಮಾತ್ರ ತಿರುಗುತ್ತದೆ, ಒಳಗಿನದೆಲ್ಲ ಸುಮ್ಮನಿರುತ್ತದೆ. ಮಳೆಗಾಲ ಮುಗಿದ ಮೇಲೆ ಫ್ರೀ ಮಾಡಬೇಕಿತ್ತು. ಬಗ್ಗುವುದಕ್ಕೆ ಸೋಮಾರಿತನ, ಲಾಕಿನಲ್ಲೇ ಬಿಟ್ಟಿದ್ದೆ. ಈಗ ಎರಡನ್ನೂ ಫ್ರೀ ಮಾಡಿ ಡಾಂಬರು ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹೋದೆ.

"ಇಲ್ಲ ಅಜ್ಜ, ನಿಂತೋಯ್ತು!"

ಚಕ್ರ ತಿರುಗುತ್ತಿದ್ದರೂ ಸದ್ದಿಲ್ಲ. ಹಾಗಾದರೆ ದೋಷ ಟಯರಿನದ್ದಲ್ಲ, ಚಕ್ರದ ಬೇರಿಂಗಿನದ್ದೂ ಅಲ್ಲ. ಮನೆಗೆ ಬಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಟ್ಟು, ಹಬ್ ಲಾಕ್ ಮಾಡಿ ಮತ್ತೆ ಹೊರಟೆವು. ಗೇಟು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪುಟ್ಟಿ ಕೈ ಎತ್ತಿದಳು. ಕುಂಯ್ ಮತ್ತೆ ಬಂದಿತ್ತು. ಶಾಫ್ಟೇ ಇಲ್ಲವೆಂದ ಮೇಲೆ ಉಳಿದದ್ದು ಒಂದೇ, ಮುಂದಿನ ಡಿಫರೆನ್ಷಿಯಲ್. ಜೀಪು ನಿಲ್ಲಿಸಿ, ಅಡಿಯಲ್ಲಿ ಕೈಯಾಡಿಸಿ ನೋಡಿದೆ. ಬಿಸಿ ಅನ್ನದ ಪಾತ್ರೆ ಮುಟ್ಟಿದಂತಾಯಿತು. ಕಿವಿಗೆ ಗೊತ್ತಾಗದ್ದು ಅಂಗೈಗೆ ಗೊತ್ತಾಯಿತು.

"ಡಿಫರೆನ್ಷಿಯಲ್ ಅಂದ್ರೆ ಏನಜ್ಜ?"

"ಆಗಸ್ಟ್ ಹದಿನೈದಕ್ಕೆ ನಿಮ್ಮ ಶಾಲೆಯಲ್ಲಿ ಪೆರೇಡ್ ಮಾಡ್ತೀರಲ್ಲ? ಸಾಲು ತಿರುಗುವಾಗ ಒಳಗಿನ ತುದಿಯವಳು ಏನು ಮಾಡ್ತಾಳೆ?"

"ನಿಂತಲ್ಲೇ ಹೆಜ್ಜೆ ಹಾಕ್ತಾಳೆ. ಹೊರಗಿನ ತುದಿಯವರು ಓಡಬೇಕು."

ಜೀಪಿನ ಚಕ್ರಗಳದ್ದೂ ಅದೇ ಕಥೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಕಬ್ಬಿಣದ ಸರಳಿಗೆ ಬಿಗಿದರೆ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕಾಗುತ್ತದೆ. ಇಂಜಿನ್ನಿನ ಬಲ ಎರಡಕ್ಕೂ ಸಿಗಬೇಕು, ಆದರೆ ತಮ್ಮ ತಮ್ಮ ವೇಗದಲ್ಲಿ ತಿರುಗಲು ಬಿಡಬೇಕು. ಆ ಕೆಲಸ ಡಿಫರೆನ್ಷಿಯಲ್ಲಿನದು. 1820ರ ದಶಕದಲ್ಲಿ ಫ್ರಾನ್ಸಿನ ಪೆಕರ್ ಎಂಬ ಗಡಿಯಾರ ಮಾಡುವವನು ಹಬೆಯ ಬಂಡಿಗೆಂದು ಇದನ್ನು ಅಳವಡಿಸಿ ಪೇಟೆಂಟ್ ಪಡೆದಿದ್ದ. ಗಡಿಯಾರದವನಿಗೇ ಹೊಳೆಯಬೇಕಾದ ಉಪಾಯ ಅದು!

ಫ್ರೀ ಹಬ್ಬಿನಲ್ಲೇ ನಿಧಾನವಾಗಿ ಪೇಟೆಯ ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಡಿಫರೆನ್ಷಿಯಲ್ಲಿನ ಆಯಿಲ್ ಇಳಿಸಿದರು. ಜೇನುತುಪ್ಪದ ಹಾಗಿರಬೇಕಾದ ನೈಂಟಿ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಬಂತು. ಜೊತೆಗೆ ಮಿಣಮಿಣ ಹೊಳೆಯುವ ಕಬ್ಬಿಣದ ಪುಡಿ.

"ನೀರು ಹೋಗಿದೆ ಅಯ್ಯಾ. ಹಳ್ಳಕ್ಕೆ ಇಳಿಸಿದ್ರಾ?"

ಇಳಿಸಿದ್ದೆ. ಕಳೆದ ಜುಲೈಯಲ್ಲಿ, ಎಲ್ಲರೂ ಬೇಡವೆಂದರೂ, ತುಂಬಿದ ಹಳ್ಳಕ್ಕೆ. ಓಡಿ ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಆಗ ಗಾಳಿಕಿಂಡಿಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನವೇ ಆಯಿಲ್ ಬದಲಾಯಿಸಿದ್ದರೆ ಮುಗಿದುಹೋಗುತ್ತಿತ್ತು. ದಾಟಿದ ಶೌರ್ಯವನ್ನು ಊರಿಗೆಲ್ಲ ಹೇಳಿದೆನೇ ಹೊರತು ಆಯಿಲ್ ನೋಡಲಿಲ್ಲ. ಒಂಬತ್ತು ತಿಂಗಳಲ್ಲಿ ಬೇರಿಂಗುಗಳು ತುಕ್ಕು ತಿಂದಿದ್ದವು, ಪಿನಿಯನ್ನಿನ ಹಲ್ಲುಗಳ ಅಂಚು ಉದುರಿತ್ತು.

ಮಗ ಫೋನಿನಲ್ಲಿ "ಗುಜರಿಗೆ ಕೊಟ್ಟುಬಿಡಿ ಅಪ್ಪ" ಎಂದ. ಜೂನ್ ಬಂದರೆ ನಮ್ಮ ಮನೆಯ ಮಣ್ಣುದಾರಿಯಲ್ಲಿ ನಾಲ್ಕೂ ಚಕ್ರ ಎಳೆಯದೆ ಯಾವ ಗಾಡಿಯೂ ಹತ್ತುವುದಿಲ್ಲ. ಇವಳಿಗೆ ರಾತ್ರಿ ಉಬ್ಬಸ ಬಂದರೆ ಆಸ್ಪತ್ರೆಗೆ ಹೋಗುವುದು ಇದೇ ಜೀಪಿನಲ್ಲಿ. ಕೊಡುವ ಮಾತೇ ಇರಲಿಲ್ಲ.

ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಒಂದನ್ನು ಹಳೆಯದು, ಒಂದನ್ನು ಹೊಸದು ಹಾಕಿದರೆ ಹೊಂದುವುದಿಲ್ಲ. ಹಳೇ ಸಾಮಾನಿನ ಅಂಗಡಿಯೊಂದರಿಂದ ಒಳ್ಳೆಯ ಜೋಡಿ ತರಿಸಿದೆವು, ಬೇರಿಂಗು, ಸೀಲು ಹೊಸವು. "ಅದೇ ಜೀಪಿನದ್ದು, ಎಂಟು ಹಲ್ಲಿನ ಪಿನಿಯನ್" ಎಂದು ಅಂಗಡಿಯವರು ಹೇಳಿದ್ದರು. ನಮ್ಮದೂ ಎಂಟೇ. ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ಬೇಸರ ಕಳೆಯಲು ಪುಟ್ಟಿ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಕ್ರೌನಿನ ಹಲ್ಲು ಎಣಿಸುತ್ತಾ ಕುಳಿತಳು.

"ಅಜ್ಜ, ಹಳೇದರಲ್ಲಿ 43, ಇದರಲ್ಲಿ 39."

ಮತ್ತೆ ಎಣಿಸಲು ಹೇಳಿದೆ. ಮತ್ತೆ 39.

ಅಲ್ಲೇ ಕಾಗದದ ಮೇಲೆ ಭಾಗಾಕಾರ ಮಾಡಿಸಿದೆ. 43ನ್ನು 8ರಿಂದ ಭಾಗಿಸಿದರೆ 5.375, 39ನ್ನು ಭಾಗಿಸಿದರೆ 4.875. ಅಂದರೆ ಚಕ್ರ ಒಂದು ಸುತ್ತು ಬರಲು ಹಿಂದಿನ ಶಾಫ್ಟ್ ಐದೂ ಚಿಲ್ಲರೆ ಸುತ್ತು ತಿರುಗಬೇಕು, ಮುಂದಿನದಕ್ಕೆ ಐದೂ ಬೇಡ. ಇದನ್ನು ಹಾಕಿ ನಾಲ್ಕು ಚಕ್ರಕ್ಕೂ ಬಲ ಕೊಟ್ಟಿದ್ದರೆ ಮುಂದಿನ ಚಕ್ರಗಳು ಒಂದು ವೇಗಕ್ಕೆ, ಹಿಂದಿನವು ಇನ್ನೊಂದು ವೇಗಕ್ಕೆ ಜಗ್ಗಾಡುತ್ತಿದ್ದವು, ನೊಗಕ್ಕೆ ಕಟ್ಟಿದ ಹೊಂದದ ಎತ್ತುಗಳ ಹಾಗೆ. ಊಟ ಮುಗಿಸಿ ಬಂದ ಮೇಸ್ತ್ರಿ ತಾವೂ ಒಮ್ಮೆ ಎಣಿಸಿ, ಪುಟ್ಟಿಗೆ ಶೇಂಗಾ ಚಿಕ್ಕಿ ಕೊಡಿಸಿದರು. ಜೋಡಿ ವಾಪಸ್ ಹೋಗಿ ಸರಿಯಾದದ್ದು ಬರಲು ನಾಲ್ಕು ದಿನ ಹಿಡಿಯಿತು.

ಜೋಡಿಸಿದ್ದು ನೋಡುವಂತಿತ್ತು. ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿ, ಹಲ್ಲು ಹಲ್ಲಿಗೆ ಎಲ್ಲಿ ತಾಗಿದೆ ಎಂದು ಗುರುತು ನೋಡುವುದು. ಕಾಗದದಷ್ಟು ತೆಳ್ಳಗಿನ ಶಿಮ್ ಒಂದು ಹಾಕುವುದು, ಒಂದು ತೆಗೆಯುವುದು. ಹಲ್ಲುಗಳ ನಡುವೆ ಎರಡು ಕೂದಲೆಳೆಯಷ್ಟು ಸಡಿಲವಿರಬೇಕು. ಬಿಗಿಯಾದರೆ ಸುಡುತ್ತದೆ, ಸಡಿಲವಾದರೆ ಮತ್ತೆ ಅಳುತ್ತದೆ. ಅದಕ್ಕೇ ಮಧ್ಯಾಹ್ನವೆಲ್ಲ ಹೋಯಿತು. ಕೊನೆಗೆ ಗಾಳಿಕಿಂಡಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾನೆಟ್ಟಿನ ಎತ್ತರಕ್ಕೆ ಕಟ್ಟಿದರು. "ಹಾಗಂತ ಹಳ್ಳಕ್ಕೆ ಇಳಿಸಬೇಡಿ" ಎಂದೂ ಸೇರಿಸಿದರು.

ಸಂಜೆ ಹಬ್ ಲಾಕ್ ಮಾಡಿ ಮನೆಗೆ ಹೊರಟೆವು. ಮೂವತ್ತು, ನಲವತ್ತು, ಐವತ್ತು. ಪುಟ್ಟಿ ಕಣ್ಣು ಮುಚ್ಚಿ ಕುಳಿತಿದ್ದಳು.

"ಇಲ್ಲ ಅಜ್ಜ. ಏನೂ ಇಲ್ಲ."

ಗೇಟಿನ ಹತ್ತಿರ ಇಂಜಿನ್ ಆಫ್ ಮಾಡಿದೆ. ತೋಟದ ಕಡೆ ಕತ್ತಲಾಗುತ್ತಿತ್ತು. ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡು, "ಅಬ್ಬಾ, ಜೀರುಂಡೆ ಎಷ್ಟು ಕೂಗ್ತವೆ ಅಜ್ಜ ಇಲ್ಲಿ!" ಎಂದಳು.

ನನಗೆ ತೋಟ ನಿಶ್ಶಬ್ದವಾಗಿತ್ತು. ಈ ವರ್ಷ ಜೀರುಂಡೆಗಳೇ ಕಡಿಮೆ ಎಂದು ಪಕ್ಕದ ಮನೆಯವರ ಹತ್ತಿರ ಎರಡು ಸಲ ಹೇಳಿದ್ದೆ. ಅವರು ಯಾಕೆ ಸುಮ್ಮನೆ ತಲೆಯಾಡಿಸಿದರೆಂದು ಈಗ ತಿಳಿಯಿತು.

ಒಳಗೆ ಹೋಗಿ ಟಿವಿ ಸೌಂಡನ್ನು ತಗ್ಗಿಸಿದೆ. ಇವಳಿಗೆ ಹೇಳಿದೆ. ಬರುವ ಮಂಗಳವಾರ ಶಿವಮೊಗ್ಗಕ್ಕೆ ಕಿವಿ ತೋರಿಸಲು ಹೋಗುತ್ತಿದ್ದೇನೆ. ಪುಟ್ಟಿಯೂ ಬರುತ್ತಾಳಂತೆ. ಡಾಕ್ಟರು ಕಿವಿಯೊಳಗೆ ಏನೇನು ಬಿಚ್ಚುತ್ತಾರೆ ಎಂದು ಅವಳಿಗೆ ನೋಡಬೇಕಂತೆ.